ಮುಚ್ಚಿಹೋದ ತೂತು

ನಮ್ಮ ಅರಸೀಕೆರೆ ಮನೆಯ ಮಹಡಿಯಲ್ಲಿ ಒಂದು ವರ್ಷ ಬಾಡಿಗೆಗಿದ್ದವರು, ಯುರೇನಿಯಂ ಹುಡುಕಲು ನೆಲ ಕೊರೆಯುವ ತಂಡದ ಮೇಸ್ತ್ರಿ. ಯಾವ ಕಲ್ಲು ಕಂಡರೂ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡುತ್ತಿದ್ದರು. ನೋಡಿದ ಮೇಲೆ ಒಂದೇ ಮಾತು: "ಇದು ನಮಗೆ ಬೇಕಾದ್ದಲ್ಲ." ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೂ ಹಾಗೇ ಅಂದಿದ್ದರು.

ನಾನು ಟೀ ಕೊಟ್ಟಾಗ ಹೇಳುತ್ತಿದ್ದರು, "ಲೋಕದಲ್ಲೆಲ್ಲ ಅಣು ವಿದ್ಯುತ್ ಕೇಂದ್ರ ಕಟ್ತಾವ್ರೆ ಅಕ್ಕಾ. ಯುರೇನಿಯಂ ಎಷ್ಟಿದ್ರೂ ಸಾಲದಂತೆ."

ಆ ಬೇಸಿಗೆಯಲ್ಲಿ ಹಾರನಹಳ್ಳಿ ಕಡೆಯ ನನ್ನ ಚಿಕ್ಕಮ್ಮನ ಊರಿನಲ್ಲಿ ಕೊರೆದರು. ನಾನೂ ಅಲ್ಲಿದ್ದೆ. ಕೊರೆದ ತೂತಿನಿಂದ ನೀರು ಉಕ್ಕಿತು. ಊರಿನ ಬೋರ್‌ವೆಲ್‌ಗಳೆಲ್ಲ ಬತ್ತಿದ್ದ ಕಾಲ. ಹೆಂಗಸರು ಬಿಂದಿಗೆ ಹಿಡಿದು ಓಡಿಬಂದರು. ಮೇಸ್ತ್ರಿ ಒಂದು ಬೊಗಸೆ ಕುಡಿದು, ಬಾಯಿ ಒರೆಸಿಕೊಂಡು, ಸಿಮೆಂಟು ಕಲಸಲು ಹೇಳಿದರು. ಪರೀಕ್ಷೆ ಮುಗಿದ ತೂತನ್ನು ಮುಚ್ಚಿಯೇ ಹೋಗಬೇಕೆಂಬುದು ಅವರ ನಿಯಮ.

"ನಾವೇ ಪೈಪ್ ಇಳಿಸ್ಕೊತೀವಿ, ಹಂಗೇ ಬಿಟ್ಟೋಗಪ್ಪಾ" ಅಂದರು ಚಿಕ್ಕಮ್ಮ.

"ಮೇಲಿನೋರ ಆರ್ಡರ್ ಅಜ್ಜಿ. ನೀರು ನಮಗೆ ಬೇಕಾದ್ದಲ್ಲ."

"ನಿಮಗಲ್ಲ ಕಣಪ್ಪ, ಬೇಕಾಗಿರೋದು ನಮಗೆ."

ಮೇಸ್ತ್ರಿ ಸಿಮೆಂಟನ್ನು ತಾವೇ ಸುರಿದು, ಕರಣೆಯಿಂದ ನುಣ್ಣಗೆ ಸವರಿದರು.

ಯುರೇನಿಯಂ ಅಲ್ಲಿ ಸಿಗಲಿಲ್ಲ. ಅವರು ಮನೆ ಖಾಲಿ ಮಾಡಿಕೊಂಡು ಮುಂದಿನ ಊರಿಗೆ ಹೋದರು. ಚಿಕ್ಕಮ್ಮನ ಊರಿಗೆ ಈಗ ನೀರಿನ ಟ್ಯಾಂಕರ್ ಬರುತ್ತದೆ. ಸರದಿ ಬರುವವರೆಗೆ ಖಾಲಿ ಬಿಂದಿಗೆ ಇಡಲು ಆ ಸಿಮೆಂಟು ಅನುಕೂಲವಾಗಿದೆ.