ಬತ್ತೀನಿ ಅಂದರೆ ಹೊರಟೆ ಅಂತ

ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್‌ನಲ್ಲಿ ಎಂ.ಎ. ಮಾಡುತ್ತಿದ್ದೇನೆ ಎಂದು ನೆಂಟರ ಮುಂದೆ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೆಸರು ಮುಗಿಯುವಷ್ಟರಲ್ಲಿ ಅವರ ಕಾಫಿ ಆರಿರುತ್ತದೆ. ಕಂಪ್ಯೂಟರಿಗೆ ಕನ್ನಡ ಕಲಿಸುವ ಓದು ಎಂದು ಸರಳ ಮಾಡಿದರೆ, ರಾಮನಾಥಪುರದ ನನ್ನ ಸೋದರತ್ತೆ, "ಅಷ್ಟೊಂದ್ ದುಡ್ ಕೊಟ್ಟು ತಂದವ್ರೆ, ಅದ್ಕೆ ಮಾತೇ ಬರಾಕಿಲ್ವಾ?" ಎಂದು ಕನಿಕರಪಟ್ಟರು.

ಕನಿಕರ ಸಲ್ಲಬೇಕಾದದ್ದು ನನಗೆ. ಒಂದು ಮಾತು ಕೇಳಿದರೆ ಆಡಿದವರು ಬರುತ್ತಿದ್ದಾರೋ ಹೋಗುತ್ತಿದ್ದಾರೋ ಹೇಳುವ ಪ್ರೋಗ್ರಾಂ ನಾನು ಬರೆಯಬೇಕಿತ್ತು. ಡಿಗ್ರಿ ನಿಂತಿದ್ದು ಅದರ ಮೇಲೆಯೇ. ಹೊಳೆನರಸೀಪುರ, ಅರಕಲಗೂಡಿನ ನೆಂಟರ ಬಾಗಿಲಲ್ಲಿ ನಿಂತು ಮಾತು ರೆಕಾರ್ಡ್ ಮಾಡಿಕೊಂಡೆ. ಪ್ರತಿ ಮಾತಿಗೂ ಅಂಟಿಸಲು ಗೈಡ್ ಮೇಡಂ ಎರಡೇ ಗುರುತು ಕೊಟ್ಟಿದ್ದರು: 'ಬರುವುದು', 'ಹೋಗುವುದು'.

ತೊಂದರೆ ಏನೆಂದರೆ, ನಮ್ಮ ಕಡೆ ಹೊರಡುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಬೆನ್ನು ತಿರುಗಿಸಿ "ಬತ್ತೀನಿ" ಅನ್ನುತ್ತಾರೆ. ಮತ್ತೆ ಬರುವಂತಾಗಲಿ ಎಂಬ ಹಾರೈಕೆ ಅದರಲ್ಲಿದೆ. ಹಾರೈಕೆ ಪ್ರೋಗ್ರಾಂಗೆ ಕಾಣದು. ಅದರ ಪ್ರಕಾರ ಹೊಳೆನರಸೀಪುರಕ್ಕೆ ಜನ ಬರುತ್ತಲೇ ಇದ್ದರು, ಒಬ್ಬರೂ ಹೊರಡುತ್ತಿರಲಿಲ್ಲ. ಮನೆಗಳಲ್ಲಿ ಕಾಲಿಡಲು ಜಾಗವಿಲ್ಲದೆ ಏನು ಮಾಡುತ್ತಿದ್ದರೋ!

ಒಂದೇ ಒಂದು ಸಲ 'ಓಗ್ತೀನಿ' ಅನ್ನಿ ಎಂದು ಅತ್ತೆಯ ಮುಂದೆ ಫೋನ್ ಹಿಡಿದು ಬೇಡಿಕೊಂಡೆ.

"ಸತ್ತೋರ್ಗೆ ಕಣ್ಲಾ ಓದ್ರು ಅನ್ನಾದು! ನೀನು ಪಾಸಾಗಾಕೆ ನಾನ್ ಓಗ್ಬೇಕಾ?" ಎಂದು ಗದರಿದರು.

ಅದನ್ನೂ ಪ್ರೋಗ್ರಾಂಗೆ ಕೇಳಿಸಿದೆ. ನಮ್ಮವರು ನುಂಗಿದ ಹಕಾರ ಅದಕ್ಕೆ ಹೇಗೆ ಗೊತ್ತಾಗಬೇಕು? 'ಓದ್ರು' ಎಂಬುದನ್ನು ಓದಿದರು ಎಂದು ತಿದ್ದಿ ಬರೆದುಕೊಂಡಿತು. ಹೀಗೆ ತಾಲೂಕಿನ ಸತ್ತವರೆಲ್ಲ ವಿದ್ಯಾವಂತರಾದರು. ಬಾಕಿ ಉಳಿದವನು ನಾನೊಬ್ಬನೇ.

ಮುಖ ಸಣ್ಣದು ಮಾಡಿಕೊಂಡು ಮೇಡಂ ಕೋಣೆಗೆ ಹೋಗಿ, ಇನ್ನೊಂದು ಗುರುತು ಬೇಕೆಂದು ಕೇಳಿದೆ. ಅವರು ಚನ್ನರಾಯಪಟ್ಟಣದವರಾದರೂ ವಿಭಾಗದಲ್ಲಿ ಆಡುವುದೆಲ್ಲ ಅಚ್ಚುಕಟ್ಟಾದ ಪುಸ್ತಕದ ಕನ್ನಡ.

"ಗುರುತುಗಳು ಎರಡೇ. ಪ್ರೋಗ್ರಾಂ ಸರಿಯಾಗದಿದ್ದರೆ ಈ ವರ್ಷ ಪ್ರಬಂಧ ಸಲ್ಲಿಸುವಂತಿಲ್ಲ" ಎಂದರು.

"ಹಾಗಾದ್ರೆ ನಾನು ಹೋದೆ ಮೇಡಂ" ಎಂದೆ.

ಮೇಡಂ ಕೈಲಿದ್ದ ಪೆನ್ನು ಟೇಬಲಿನ ಮೇಲೆ ಬಿತ್ತು. "ಥೂ, ಬುಡ್ತು ಅನ್ಲಾ!"

ಬಿಡ್ತು ಅಂದೆ. ಆಮೇಲೆ ಮೇಡಂ ಸೆರಗು ಸರಿಮಾಡಿಕೊಂಡು, "ಮೂರನೆಯ ಗುರುತೊಂದನ್ನು ಸೇರಿಸಿಕೊಂಡು ಈ ವರ್ಷವೇ ಸಲ್ಲಿಸಿ" ಎಂದು ಪುಸ್ತಕದ ಕನ್ನಡಕ್ಕೆ ಮರಳಿದರು. ಆ ಗುರುತಿಗೆ ಏನು ಹೆಸರಿಡಬೇಕೆಂದು ಕೇಳದೆಯೇ, "ಬತ್ತೀನಿ ಮೇಡಂ" ಎಂದು ಹೊರಟೆ.