ಹಬ್ಬಕ್ಕೆ ಉಜ್ಜಿದ ಪದಕ

ನಾನು ಕೂಡಿಡುವುದು ಚಿನ್ನವಲ್ಲ, ಬೆಳ್ಳಿಯೂ ಅಲ್ಲ, ಅಲ್ಯೂಮಿನಿಯಂ. ಕೊಲ್ಲಿ ನಾಡಿನ ಈ ರುಸೈಲ್‌ನ ಕಾರ್ಖಾನೆಯಲ್ಲಿ ದಿನವಿಡೀ ಕಿಟಕಿ ಚೌಕಟ್ಟಿನ ಅಲ್ಯೂಮಿನಿಯಂ ಪರೀಕ್ಷಿಸಿ, ಮನೆಗೆ ಬಂದು ಅದೇ ಲೋಹದ ಹಳೆಯ ಪದಕಗಳನ್ನು ನೋಡುತ್ತ ಕೂರುವವಳಿಗೆ ಹುಚ್ಚು ಎನ್ನದೆ ಇನ್ನೇನನ್ನಬೇಕು? ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಈ ಲೋಹ ಹೊಸತು, ಅಪರೂಪದ್ದು. ಸೇತುವೆ ತೆರೆದರೆ, ವಸ್ತುಪ್ರದರ್ಶನ ನಡೆದರೆ, ನೆನಪಿಗೆಂದು ಅದರಲ್ಲಿ ಪದಕ ಮಾಡಿಸುತ್ತಿದ್ದರು. ಜನ ಅಂಗೈಯಲ್ಲಿಟ್ಟುಕೊಂಡು ಇಷ್ಟು ಹಗುರವೇ ಎಂದು ಬೆರಗಾಗುತ್ತಿದ್ದರಂತೆ. ಆ ಬೆರಗು ನನಗೆ ಬೇಕು.

ಇಲ್ಲೇ ಖುರುಮ್ ಬಡಾವಣೆಯ ಹೋಟೆಲೊಂದರಲ್ಲಿ ನಾಣ್ಯ ಸಂಗ್ರಾಹಕರು ವರ್ಷಕ್ಕೊಮ್ಮೆ ಪ್ರದರ್ಶನ ಇಡುತ್ತಾರೆ. ಪಾತ್ರೆಯ ಲೋಹಕ್ಕೆ ಇಲ್ಲಿ ಜಾಗವಿಲ್ಲ ಎಂದು ನಕ್ಕು ಕಳಿಸಿದ್ದರು. ನಾನು ಬಿಡಲಿಲ್ಲ. ಕೇಳಿ ಕೇಳಿ ಕೊನೆಗೆ ಮೂಲೆಯ ಮೇಜೊಂದು ಸಿಕ್ಕಿತು. ನಕ್ಕವರ ಬಾಯಿ ಮುಚ್ಚಿಸಲು ನನ್ನಲ್ಲಿದ್ದದ್ದು ಒಂದೇ: ತೂಗುಸೇತುವೆಯ ಪದಕ. ಅದರ ಮೇಲೆ ಮೂಡಿಸಿದ್ದ ಸೇತುವೆಯ ಕೂದಲೆಳೆಯಂಥ ತಂತಿಗಳು ಒಂದೊಂದೂ ಕಾಣುತ್ತಿದ್ದವು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕರಾವಳಿಯವರ ಮನೆಯಲ್ಲಿ ಅಂದು ಕಾರಿನಿಂದ ಕತ್ತರಿಯವರೆಗೆ ಎಲ್ಲಕ್ಕೂ ಸ್ನಾನ. ನಾನು ಕೆಲಸದಿಂದ ಬರುವಾಗ ನನ್ನ ಗಂಡ, ದೀಪ ತಿಕ್ಕುವ ಪುಡಿಯಿಂದಲೇ ಪದಕವನ್ನೂ ಉಜ್ಜಿ, ಕುಂಕುಮ ಹಚ್ಚಿ, ಹೂವಿಟ್ಟು ಕಾಯುತ್ತಿದ್ದರು.

"ನೋಡು ಮಾರಾಯ್ತಿ, ಎಷ್ಟು ಹೊಳೀತದೆ. ನಿನ್ನ ಆಯುಧ ಇದೇ ಅಲ್ವಾ?"

ಹಳೆಯ ಪದಕವನ್ನು ಉಜ್ಜಬಾರದು ಎಂಬುದು ಸಂಗ್ರಾಹಕರ ಮೊದಲ ಪಾಠ. ಸೇತುವೆಯ ಕಂಬಗಳಿದ್ದವು, ತಂತಿಗಳಿರಲಿಲ್ಲ. ಅದನ್ನು ಗಂಡನಿಗೂ ತೋರಿಸಿದೆ. ವಿಷಯ ತಿಳಿದ ಮೇಲೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಇದನ್ನು ಬಿಟ್ಟು ಬೇರೆಯವನ್ನು ಒಯ್ಯೋಣ ಎಂದು ಗೋಗರೆದರು. ಯಾಕೆ ಬಿಡಬೇಕು? ಇದ್ದದ್ದನ್ನು ಇದ್ದ ಹಾಗೆ ತೋರಿಸಲು ನನಗೇನು ಅಂಜಿಕೆ? ಪ್ರದರ್ಶನದ ದಿನ ಅದನ್ನೇ ಮೇಜಿನ ನಡುವೆ ಇಟ್ಟೆ. ಉಜ್ಜಲಾಗಿದೆ ಎಂದು ಪಕ್ಕದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ.

ಹಿಂದೆ ನಕ್ಕಿದ್ದ ಸಂಗ್ರಾಹಕರೊಬ್ಬರು ಬಗ್ಗಿ ಚೀಟಿ ಓದಿ, ಇಂಥ ಕೆಲಸ ಯಾರು ಮಾಡಿದ್ದು ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ ಎದ್ದು ನಿಂತರು. ತಮ್ಮ ಹರಕುಮುರುಕು ಹಿಂದಿಯಲ್ಲಿ, ಮಾಡಿದ್ದು ನಾನೇ, ಮನೆಯಲ್ಲಿ ಇವಳಿಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ, ಅದಕ್ಕೇ ಪೂಜೆಗಿಟ್ಟೆ ಎಂದರು. ಆಮೇಲೆ ಪದಕವನ್ನು ಎತ್ತಿ ಆ ಮನುಷ್ಯನ ಅಂಗೈಯಲ್ಲಿಟ್ಟರು.

ಭಾರ ಹೊರಲು ಸಿದ್ಧವಾಗಿದ್ದ ಕೈ ತಾನಾಗಿ ಮೇಲೆದ್ದಿತು. ಆ ಸಂಗ್ರಾಹಕರು ಇನ್ನೊಮ್ಮೆ ತೂಗಿ ನೋಡಿದರು, ಪಕ್ಕದವರನ್ನು ಕರೆದು ಅವರ ಕೈಗೂ ಕೊಟ್ಟರು.

ಬರುವ ವರ್ಷ ನಾನು ಕೇಳುವುದು ನಡುವಿನ ಮೇಜನ್ನೇ.