ಬದಲಿ ನಿಂತ ಅಕ್ಕೋರು

ಅವರ ಎಡಹುಬ್ಬು ನಡುವೆ ತುಂಡಾಗಿತ್ತು. ಯಾವುದೋ ಹಳೆಯ ಗಾಯದ ಗೆರೆಯೊಂದು ಹುಬ್ಬನ್ನು ಎರಡು ಮಾಡಿ ಹಣೆಯ ಕಡೆಗೆ ಏರಿಹೋಗಿತ್ತು. ಸಿಟ್ಟು ಬಂದಾಗ ಒಂದು ತುಂಡು ಮೇಲೆದ್ದರೆ ಇನ್ನೊಂದು ಇದ್ದಲ್ಲೇ ಇರುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ನಾವು ಬೋರ್ಡಿನ ಮೇಲಿನ ಲೆಕ್ಕಕ್ಕಿಂತ ಆ ಹುಬ್ಬನ್ನೇ ಹೆಚ್ಚು ನೋಡಿದವರು. ಎತ್ತು ಹಾಯ್ದದ್ದು ಎಂದು ಕೆಲವರು ಹೇಳುತ್ತಿದ್ದರು, ಗಂಡ ಹೊಡೆದದ್ದು ಎಂದು ಕೆಲವರು. ಕೇಳಿ ತಿಳಿದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಗಣಿತದ ಈ ಅಕ್ಕೋರಲ್ಲಿ ಅಕ್ಕನಂಥದ್ದು ಏನೂ ಇರಲಿಲ್ಲ. ಸುರಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು, ಒಬ್ಬರೇ ಕೂತು ರೊಟ್ಟಿ ಶೇಂಗಾ ಹಿಂಡಿ ತಿನ್ನುತ್ತಿದ್ದರು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಕೋಲು ಹಿಡಿದವರಲ್ಲ, ಅವರಿಗೆ ನಾಲಿಗೆಯೇ ಸಾಕಾಗಿತ್ತು. ಲೆಕ್ಕ ತಪ್ಪಿದ ಹುಡುಗನಿಗೆ ನಿನ್ನ ತಲೆಯೊಳಗೆ ಇರುವುದು ಮೆದುಳೋ ಅಂಬಲಿಯೋ ಎಂದು ಕೇಳುತ್ತಿದ್ದರು, ಅವನು ಉತ್ತರ ಹೇಳುವ ತನಕ ಬಿಡುತ್ತಿರಲಿಲ್ಲ. ಅತ್ತವರಿಗೆ ಅವರದು ಒಂದೇ ಮಾತು: "ಅಳೂದಕ್ಕ ಮಾರ್ಕ್ಸ್ ಇಲ್ಲ."

ಇಂಥವರನ್ನು ಸರ್ಕಾರ ಮಕ್ಕಳ ಕಿರುಕುಳ ತಡೆಯುವ ಕೆಲಸಕ್ಕೆ ಹಾಕಿತು ಎಂದರೆ ಈಗಲೂ ನನಗೆ ನಗು ಬರುತ್ತದೆ. ಆ ಕಿರುಕುಳ ಅನುಭವಿಸುತ್ತಿದ್ದವಳು ನಾನು. ಆಗ ಮಾತ್ರ ನಗು ಬಂದಿರಲಿಲ್ಲ.

ಕಾಲುವೆ ಬಂದ ಮೇಲೆ ನಮ್ಮೂರಿನ ಜೋಳದ ಹೊಲಗಳು ಗದ್ದೆಗಳಾಗಿದ್ದವು. ನಾರಾಯಣಪುರದಲ್ಲಿ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ಹೊಲ ಇದ್ದವರು ಟ್ರ್ಯಾಕ್ಟರ್ ತೊಳೆಯುತ್ತಿದ್ದರು, ಹೊಲ ಇಲ್ಲದ ನಮ್ಮ ಓಣಿಯ ಹೆಂಗಸರು ಸೀರೆ ಎತ್ತಿ ಕಟ್ಟುತ್ತಿದ್ದರು. ನನ್ನ ಅವ್ವ ಭತ್ತದ ಸಸಿ ಹಚ್ಚುವ ಗುಂಪಿನಲ್ಲಿದ್ದಳು. ಅಪ್ಪ ಇರಲಿಲ್ಲ. ಸೂಟಿಯ ದಿನ ನಾನೂ ಅವ್ವನ ಜೊತೆ ಗದ್ದೆಗೆ ಇಳಿಯುತ್ತಿದ್ದೆ. ದಿನವಿಡೀ ನೀರಲ್ಲಿ ನಿಂತು ಕಾಲ್ಬೆರಳ ಸಂದಿ ಬೆಳ್ಳಗಾಗಿ ಕೊಳೆಯುತ್ತಿತ್ತು, ಹುಣ್ಣಾಗಿ ವಾಸನೆ ಬರುತ್ತಿತ್ತು. ಸೋಮವಾರ ಅದೇ ಕಾಲಲ್ಲಿ ಶಾಲೆಗೆ ಹೋಗುತ್ತಿದ್ದೆ.

ಹುಡುಗಿಯರು ನನಗೆ ಕಪ್ಪೆ ಎಂದು ಹೆಸರಿಟ್ಟರು. ನಮ್ಮ ಮಾತಲ್ಲಿ ಕಪ್ಪಿ. ನಾನು ತರಗತಿಯೊಳಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ವಟವಟ ಶುರುವಾಗುತ್ತಿತ್ತು. ನಾನು ಕೂರುವ ಜಾಗಕ್ಕೆ ನೀರು ಚೆಲ್ಲಿ, ಕಪ್ಪೆಗೆ ನೀರು ಬೇಕಲ್ಲವೇ ಎನ್ನುತ್ತಿದ್ದರು. ಬಿಸಿಯೂಟಕ್ಕೆ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅದಕ್ಕೆ ಕಾಲಿನ ಹುಣ್ಣು ಒಂದೇ ಕಾರಣವಲ್ಲ, ನಮ್ಮ ಓಣಿ ಯಾವುದು ಎಂಬುದೂ ಕಾರಣ ಎಂದು ನನಗೆ ಗೊತ್ತಿತ್ತು. ಇದಕ್ಕೆಲ್ಲ ಮುಂದಾಳು ಒಬ್ಬಳೇ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಮಗಳು. ಅವ್ವ ಸಸಿ ಹಚ್ಚುತ್ತಿದ್ದದ್ದು ಅವರದೇ ಗದ್ದೆಯಲ್ಲಿ.

ಅವ್ವನಿಗೆ ನಾನು ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ನನ್ನನ್ನು ಶಾಲೆ ಬಿಡಿಸಿ ಗುಂಪಿಗೆ ಸೇರಿಸಿಕೊಳ್ಳಲು ಅವಳಿಗೆ ಬೇಕಾಗಿದ್ದದ್ದು ಒಂದೇ ನೆಪ. ನನಗೆ ಓದಬೇಕಿತ್ತು. ಅದಕ್ಕಾಗಿ ಕಪ್ಪೆಯಾಗಿ ಇರಲು ಒಪ್ಪಿಕೊಂಡಿದ್ದೆ.

ಆ ವರ್ಷ ಯಾದಗಿರಿಯ ಕಚೇರಿಯಿಂದ ಆದೇಶ ಬಂತು. ಮಕ್ಕಳು ಮಕ್ಕಳನ್ನು ಹೀಯಾಳಿಸಬಾರದು, ಪ್ರತಿ ಶಾಲೆಯಲ್ಲೂ ಒಬ್ಬ ಶಿಕ್ಷಕರು ಇದರ ಜವಾಬ್ದಾರಿ ಹೊರಬೇಕು, ಶನಿವಾರ ಪ್ರತಿಜ್ಞೆ ಮಾಡಿಸಬೇಕು, ಶಾಲಾ ಸಂಸತ್ತಿನಲ್ಲಿ ಒಬ್ಬ ಮಕ್ಕಳ ರಕ್ಷಣಾ ಮಂತ್ರಿ ಇರಬೇಕು. ಹೆಡ್ ಮಾಸ್ತರರು ಗೋಡೆಗೆ ಸುಣ್ಣ ಹೊಡೆಸಿ 'ಕಿರುಕುಳ ಮುಕ್ತ ಶಾಲೆ' ಎಂದು ಬರೆಸಿದರು. ತರಬೇತಿಗೆ ಎಲ್ಲರೂ ಒಲ್ಲೆ ಎಂದದ್ದಕ್ಕೆ ಗಣಿತದ ಅಕ್ಕೋರನ್ನು ಕಳಿಸಿದರು. ಇನ್ನು ಮಂತ್ರಿ ಪದವಿ. ಅಧ್ಯಕ್ಷರನ್ನು ಖುಷಿಪಡಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಗಬೇಕು? ಅವರ ಮಗಳ ಎದೆಗೆ ಬ್ಯಾಡ್ಜು ಚುಚ್ಚಿದರು.

ಅಂದಿನಿಂದ ನನಗೆ ಯಾರಾದರೂ ಕಾಟ ಕೊಟ್ಟರೆ ನಾನು ಅವಳಿಗೇ ದೂರು ಕೊಡಬೇಕಿತ್ತು. ಶನಿವಾರ ಅಂಗಳದಲ್ಲಿ ಅವಳೇ ಮುಂದೆ ನಿಂತು ಪ್ರತಿಜ್ಞೆ ಹೇಳಿಕೊಡುತ್ತಿದ್ದಳು, ನಾವು ಕೈ ಮುಂದೆ ಚಾಚಿ ಹೇಳುತ್ತಿದ್ದೆವು: ನಾನು ಯಾರನ್ನೂ ಹೀಯಾಳಿಸುವುದಿಲ್ಲ. ಕೊನೆಯ ಶಬ್ದ ಮುಗಿದ ಕೂಡಲೇ ಹಿಂದಿನ ಸಾಲು ಮೆಲ್ಲಗೆ ವಟಗುಟ್ಟುತ್ತಿತ್ತು. ಬೆಕ್ಕಿಗೆ ಹಾಲಿನ ಕಾವಲು ಕೊಟ್ಟ ಕಥೆಯನ್ನು ಸರ್ಕಾರ ಕೇಳಿರಲಿಲ್ಲವೋ ಏನೋ.

ಒಂದು ದಿನ ಊಟದ ಹೊತ್ತಿಗೆ ನನ್ನ ತಟ್ಟೆಯಲ್ಲಿ ಅನ್ನದ ಕೆಳಗೆ ಸತ್ತ ಕಪ್ಪೆ ಇತ್ತು. ನಾನು ಅದಕ್ಕೆ ಕೈ ಹಾಕಿಬಿಟ್ಟೆ. ಚೀರಿದೆ, ತಟ್ಟೆ ಉರುಳಿತು, ಇಡೀ ಪಡಸಾಲೆ ನಕ್ಕಿತು. ಅಕ್ಕೋರು ಬಂದು ಯಾರು ಮಾಡಿದ್ದು ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ.

"ಬಾಯಿ ಇಲ್ಲದಾಕಿ ಅನ್ನ ಯಾತರಿಂದ ಉಣ್ತಿ?" ಎಂದು ನನ್ನನ್ನೇ ಕೇಳಿದರು. ಎಲ್ಲರೂ ಮತ್ತೆ ನಕ್ಕರು. ಹುಬ್ಬಿನ ತುಂಡು ಮೇಲಕ್ಕೆ ಹೋಯಿತು. ನಗುವವರ ಮುಖಗಳನ್ನು ಒಂದೊಂದಾಗಿ ನೋಡಿ ಅವರು ಮಂತ್ರಿಯ ಮುಂದೆ ನಿಂತರು. ಅವಳ ಕೈಯಲ್ಲೇ, ಬರಿಗೈಯಲ್ಲೇ, ಆ ಕಪ್ಪೆಯನ್ನು ಎತ್ತಿಸಿದರು. ಎಲ್ಲ ತರಗತಿಗಳ ಮುಂದೆ ಹಿಡಿದುಕೊಂಡು ಹೋಗಲು ಹೇಳಿದರು. ಅವಳು ವಾಂತಿ ಮಾಡಿಕೊಂಡಳು. ಅದನ್ನೂ ಅವಳಿಂದಲೇ ತೊಳೆಸಿದರು. ನನಗೆ ಸಂತೋಷವಾಯಿತು ಎಂದು ಹೇಳಲು ನಾಚಿಕೆ ಇಲ್ಲ. ಆ ಸಂತೋಷ ಮರುದಿನದ ತನಕ ಇತ್ತು.

ಮರುದಿನ ಅಧ್ಯಕ್ಷರು ಬಂದು ಹೆಡ್ ಮಾಸ್ತರರ ಕೋಣೆಯಲ್ಲಿ ಕೂತರು. ಮಂತ್ರಿಯೂ ಇದ್ದಳು. ತನ್ನ ಮಗಳು ಏನೂ ಮಾಡಿಲ್ಲ, ಅಕ್ಕೋರು ತಪ್ಪೊಪ್ಪಿಕೊಳ್ಳಬೇಕು ಎಂಬುದು ಅಧ್ಯಕ್ಷರ ಮಾತು. ನನ್ನನ್ನು ಕರೆದರು. ಗದ್ದೆಗೆ ಆಳು ಕಳಿಸಿ ಅವ್ವನನ್ನೂ ಕರೆಸಿದರು. ಮೊಣಕಾಲ ತನಕ ಕೆಸರು ಮೆತ್ತಿಕೊಂಡೇ ಬಂದ ಅವ್ವ ಒಳಗೆ ಬರದೆ ಬಾಗಿಲಲ್ಲೇ ನಿಂತಳು. ನಿನ್ನ ಮಗಳಿಗೆ ಇಲ್ಲಿ ಯಾರಾದರೂ ಏನಾದರೂ ಅಂದಿದ್ದಾರೇನು ಎಂದು ಅಧ್ಯಕ್ಷರು ಕೇಳಿದರೆ, ಯಾರೂ ಏನೂ ಅಂದಿಲ್ಲ ಎಂದಳು. ಅವರ ಗದ್ದೆಯಿಂದ ಎದ್ದು ಬಂದವಳು ಬೇರೆ ಏನು ಹೇಳಿಯಾಳು? ಹೆಡ್ ಮಾಸ್ತರರು ಹಾಗಾದರೆ ಮುಗಿಯಿತು ಎಂದರು.

ಆಗ ಅಕ್ಕೋರು ನನ್ನ ಭುಜ ಹಿಡಿದು ಅವ್ವನ ಕಡೆಗೆ ತಿರುಗಿಸಿ ನಿಲ್ಲಿಸಿದರು.

"ನಿನಗ ಏನಂತ ಕರೀತಾರ? ಅವ್ವನ ಮುಂದ ಹೇಳು."

ನಾನು ತಲೆ ಅಲ್ಲಾಡಿಸಿದೆ. ಅವರ ಬೆರಳು ಭುಜದ ಎಲುಬಿಗೆ ಒತ್ತಿತು. ಮತ್ತೆ ಕೇಳಿದರು, ಮತ್ತೆ ಕೇಳಿದರು.

"ಕಪ್ಪಿ," ಎಂದೆ.

"ಯಾಕ?"

"ಕೆಸರಿನ್ಯಾಗ ಇರ್ತೀವಂತ. ನಮ್ಮ ಕಾಲು ನಾರ್ತಾವಂತ."

ಅಧ್ಯಕ್ಷರು ನಕ್ಕುಬಿಟ್ಟರು. ಇಷ್ಟೇನಾ, ಸಣ್ಣವರಿದ್ದಾಗ ನಾವೂ ಎಷ್ಟೋ ಅಂದಿದ್ದೇವೆ ಎಂದರು. ಹೆಡ್ ಮಾಸ್ತರರೂ ನಕ್ಕರು. ಅವ್ವ ತನ್ನ ಕಾಲುಗಳನ್ನು ನೋಡಿಕೊಂಡಳು, ಒಂದು ಪಾದವನ್ನು ಇನ್ನೊಂದರ ಹಿಂದೆ ಸರಿಸಿಕೊಂಡಳು. ಅಕ್ಕೋರು ಯಾರ ಮುಖವನ್ನೂ ನೋಡದೆ ಹೋಗಿ ಮಂತ್ರಿಯ ಎದೆಯ ಬ್ಯಾಡ್ಜನ್ನು ಕಿತ್ತು ಅವಳ ತಂದೆಯ ಮುಂದೆ ಮೇಜಿನ ಮೇಲಿಟ್ಟರು. ಅಕ್ಕೋರು ಗೆದ್ದರು. ಅವರ ಗೆಲುವಿಗೆ ಬೇಕಾದದ್ದನ್ನು ನನ್ನ ಬಾಯಿಂದ, ನನ್ನ ಅವ್ವನ ಮುಂದೆ ಕಿತ್ತುಕೊಂಡರು.

ಮನೆಗೆ ಬಂದು ಅವ್ವ ನನ್ನ ಶಾಲೆಯ ಚೀಲವನ್ನು ಅಟ್ಟದ ಮೇಲೆ ಎಸೆದಳು. "ಮಾನ ಕಳಕೊಂಡು ಕಲಿಯೂದು ಏನೂ ಬ್ಯಾಡ," ಎಂದಳು. ಅಧ್ಯಕ್ಷರ ಗದ್ದೆಯ ಬಾಗಿಲು ನಮಗೆ ಮುಚ್ಚಿತ್ತು. ಅವ್ವ ಕಾಲುವೆಯಾಚೆ ಕ್ಯಾಂಪಿನಲ್ಲಿ, ಆಂಧ್ರದಿಂದ ಬಂದ ರೈತರೊಬ್ಬರ ಗದ್ದೆ ಹಿಡಿದಿದ್ದ ಬೇರೊಂದು ಗುಂಪಿಗೆ ತನ್ನ ಹೆಸರಿನ ಜೊತೆ ನನ್ನ ಹೆಸರನ್ನೂ ಕೊಟ್ಟಳು.

ಆ ಗುಂಪುಗಳದ್ದೊಂದು ಕಟ್ಟು ಇತ್ತು. ಹೆಸರು ಕೊಟ್ಟ ಮೇಲೆ ಹಿಡಿದ ಗದ್ದೆ ಮುಗಿಯುವ ತನಕ ಬಿಡುವಂತಿಲ್ಲ. ಕಾಲುವೆಯ ನೀರು ವಾರಬಂದಿಯ ಸರದಿ ಪ್ರಕಾರ ಬಂದು ಹೋಗುವಂಥದ್ದು, ನೀರು ಬಂದ್ ಆಗುವುದರೊಳಗೆ ಸಸಿ ಹಚ್ಚಿ ಮುಗಿಸಬೇಕು. ಬಿಟ್ಟು ಹೋಗಲೇಬೇಕು ಎನ್ನುವವರು ಬದಲಿ ಆಳು ಕೊಡಬೇಕು. ಬದಲಿ ಆಳು ಗದ್ದೆಗೆ ಇಳಿದರೆ ಮುಗಿಯಿತು, ಬಿಟ್ಟವಳನ್ನು ತಡೆಯಲು ಅವಳ ಹಡೆದವ್ವನಿಗೂ ಹಕ್ಕಿಲ್ಲ.

ಕೆಲವು ದಿನಗಳ ನಂತರ ಅಕ್ಕೋರು ಬಸ್ಸಿಂದ ಕಾಲುವೆಯ ಸೇತುವೆಯ ಹತ್ತಿರ ಇಳಿದು, ಬದುವಿನ ಮೇಲೆ ತಡವರಿಸುತ್ತ ನಮ್ಮ ಗದ್ದೆಗೆ ಬಂದರು. ಹುಡುಗಿಯನ್ನು ಕಳಿಸು ಎಂದು ಅವ್ವನಿಗೆ ಹೇಳಿದರು. ಅವ್ವ ನಡು ನೆಟ್ಟಗೆ ಮಾಡಲಿಲ್ಲ. ಬಾಗಿಕೊಂಡೇ ಅಂದಳು:

"ಬದಲಿ ಕೊಡ್ರಿ. ಕೊಟ್ಟು ಕರ್ಕೊಂಡ್ ಹೋಗ್ರಿ."

ಹೆಂಗಸರೆಲ್ಲ ನಕ್ಕರು. ಪಗಾರ ತಿನ್ನುವ ಅಕ್ಕೋರು ಕೆಸರಿಗೆ ಇಳಿದಾರೆಯೇ? ಆಕೆ ಮುಖ ತಗ್ಗಿಸಿ ಬಸ್ಸು ಹತ್ತಿ ಹೋಗುತ್ತಾಳೆ, ಅಷ್ಟೇ ನನಗೆ ಬೇಕಾಗಿತ್ತು ಎಂದು ಅವ್ವ ಆಮೇಲೆ ಹೇಳಿದಳು. ಅಲ್ಲಿ ಅವ್ವ ಎಡವಿದಳು.

ಅಕ್ಕೋರು ಚಪ್ಪಲಿ ಬಿಟ್ಟರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗದ್ದೆಗೆ ಇಳಿದರು. ನನ್ನ ಕೈಯೊಳಗಿನ ಸಸಿಯ ಕಟ್ಟು ಕಿತ್ತುಕೊಂಡು, "ನೀ ನಡಿ. ಇನ್ನಾ ಎರಡನೇ ಪೀರಿಯಡ್ ಆಗಿಲ್ಲ," ಎಂದರು.

ನಾನು ಹೋದೆ. ಮುಂದಿನದನ್ನು ಗುಂಪಿನ ಹೆಂಗಸರು ಹೇಳಿದ್ದು. ಅಕ್ಕೋರಿಗೆ ಸಸಿ ಹಚ್ಚಲು ಬರುತ್ತಿರಲಿಲ್ಲ. ಅವರು ಹಚ್ಚಿದ್ದು ಮರುಗಳಿಗೆಯಲ್ಲೇ ನೀರಲ್ಲಿ ತೇಲುತ್ತಿತ್ತು. ಹೆಂಗಸರು ಅವರ ಬಿಳಿ ಕಾಲನ್ನು ಆಡಿಕೊಂಡರು, ಗಂಡ ಬಿಟ್ಟದ್ದನ್ನು ಆಡಿಕೊಂಡರು, ಒಡೆದ ಹುಬ್ಬನ್ನು ಆಡಿಕೊಂಡರು. ಆಮೇಲೆ ಯಾರೋ ಕಪ್ಪೆಯಂತೆ ವಟಗುಟ್ಟಿದರು, ಇಡೀ ಗುಂಪು ದನಿಗೂಡಿಸಿತು. ಮೊದಲು ವಟಗುಟ್ಟಿದವಳು ನನ್ನ ಅವ್ವ. ಊರಿಗೆಲ್ಲ ಹೆಸರಿಡುತ್ತಿದ್ದ ಅಕ್ಕೋರ ನಾಲಿಗೆ ತಿರುಗಿ ಒಂದು ಮಾತೂ ಆಡಲಿಲ್ಲವಂತೆ. ರಜೆ ಹಾಕಿ, ಗದ್ದೆ ಮುಗಿಯುವ ತನಕ ದಿನವೂ ಬಂದರು. ದಿನವೂ ವಟಗುಟ್ಟಿಸಿಕೊಂಡರು. ಅವರ ಪಾಲಿನ ಪಟ್ಟಿಯ ಸಸಿಯನ್ನೆಲ್ಲ ಅವ್ವನೇ ಬೈಯುತ್ತ ಮತ್ತೆ ಹಚ್ಚಬೇಕಾಯಿತು. ಆದರೆ ಬದಲಿ ಬದಲಿಯೇ. ಅವ್ವ ಅಟ್ಟದಿಂದ ಚೀಲ ಇಳಿಸಿಕೊಟ್ಟಳು.

ಶಾಲೆಯಲ್ಲಿ ವಟವಟ ನಿಂತಿತ್ತು. ಅದರ ಜೊತೆ ಮಾತೂ ನಿಂತಿತ್ತು. ಹತ್ತನೇ ತರಗತಿ ಮುಗಿಯುವ ತನಕ ಒಬ್ಬ ಹುಡುಗಿಯೂ ನನ್ನ ಜೊತೆ ಮಾತಾಡಲಿಲ್ಲ. ಕಿರುಕುಳ ಮುಕ್ತ ಶಾಲೆ ಎಂದು ನಮ್ಮ ಶಾಲೆಗೆ ಯಾದಗಿರಿಯಲ್ಲಿ ಶಾಲು ಹೊದಿಸಿದರು, ಹೆಡ್ ಮಾಸ್ತರರು ಹೊದ್ದುಕೊಂಡು ಬಂದರು. ಅದರ ಹಿಂದೆಯೇ ಅಧ್ಯಕ್ಷರು ಓಡಾಡಿ ಅಕ್ಕೋರನ್ನು ಹತ್ತಿಕುಣಿಯ ಕಡೆಗೆ ವರ್ಗ ಮಾಡಿಸಿದರು. ಹೋಗುವ ದಿನ ನನಗೆ ಅವರು ಹೇಳಿದ್ದು ಇಷ್ಟು: "ಬೀಜಗಣಿತ ಕಚ್ಚಾ ಅದ ನಿಂದು. ತಿದ್ಕೋ."

ತಿದ್ದಿಕೊಂಡೆ. ಓದಿದೆ, ನೀರಾವರಿ ಇಲಾಖೆಯಲ್ಲಿ ಗುಮಾಸ್ತೆಯಾದೆ, ನಾರಾಯಣಪುರದ ಕ್ವಾರ್ಟರ್ಸಿಗೆ ಅವ್ವನನ್ನು ಕರೆತಂದೆ. ಅವ್ವ ಮತ್ತೆ ಗದ್ದೆಗೆ ಇಳಿಯಲಿಲ್ಲ. ಅಕ್ಕೋರನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ.

ಅವರ ಎರಡೂ ಕಿಡ್ನಿ ಹೋಗಿವೆ ಎಂದು ತಿಳಿದು ಯಾದಗಿರಿಗೆ ಹೋದೆ. ಬಾಡಿಗೆಯ ಒಂದು ಕೋಣೆಯಲ್ಲಿ ಬಾತ ಮುಖ ಹೊತ್ತು ಮಲಗಿದ್ದರು. ಏನು ಕೆಲಸ, ಎಲ್ಲಿ ಎಂದೆಲ್ಲ ವಿಚಾರಿಸಿದರು. ವರ್ಷಗಟ್ಟಲೆ ನುಂಗಿಕೊಂಡಿದ್ದನ್ನು ಕೇಳಿಬಿಟ್ಟೆ.

"ಅವತ್ತು ಅವ್ವನ ಮುಂದ ನನ್ನ ಬಾಯಿಂದ ಯಾಕ ಹೇಳಿಸಿದ್ರಿ, ಅಕ್ಕೋರೆ?"

"ಆ ಕೋಣ್ಯಾಗ ನಾಚಿಕಿ ಅನ್ನೂದು ಇದ್ದದ್ದು ನಿನ್ನ ಅವ್ವಗ ಒಬ್ಬಾಕಿಗೇ. ಆಕಿಗೆ ಚುಚ್ಚಿದ್ರ ಉಳದವರಿಗೂ ತಾಕ್ತದಂತ ತಿಳದಿದ್ದೆ. ಅವರು ನಕ್ಕರು." ಉಸಿರು ಎಳೆದುಕೊಂಡು ಮತ್ತೆ ಹೇಳಿದರು: "ನಿನ್ನ ಮ್ಯಾಲಿನ ಕರುಣಾದಿಂದ ಗದ್ದಿಗೆ ಬಂದಿದ್ದಿಲ್ಲ. ತಪ್ಪು ನನ್ನದಿತ್ತು, ಅದಕ್ಕ ಬಂದೆ."

ಅವ್ವ ಇನ್ನೂ ಬೈಯುತ್ತಾಳೇನು ಎಂದು ಕೇಳಿದರು. ಬೈಯುತ್ತಾಳೆ ಎಂದೆ. ಬೈಯಲಿ ಎಂದು ಕಣ್ಣು ಮುಚ್ಚಿಕೊಂಡರು. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ, ಹೇಳಲು ಬರಲಿಲ್ಲ. ಅವರಿಗೂ ಅದು ಬೇಕಾಗಿದ್ದಂತೆ ಕಾಣಲಿಲ್ಲ.

ಚಳಿಗಾಲದ ಕೊನೆಗೆ ಅವರು ತೀರಿಕೊಂಡರು. ಸುದ್ದಿ ಬಂದಾಗ ಅವ್ವ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಹೇಳಿದೆ. ಮೊರ ಪಕ್ಕಕ್ಕಿಟ್ಟು, ನನ್ನ ಮಗಳನ್ನು ಅಷ್ಟು ಜನರ ನಡುವೆ ನಿಲ್ಲಿಸಿದವಳು ಸಾಯಲಿ ಬಿಡು ಎಂದಳು. ಹಾಗೆ ಅನ್ನುತ್ತಲೇ ಎದ್ದು ಬಚ್ಚಲಿಗೆ ಹೋದಳು. ರಕ್ತಸಂಬಂಧಿಕರು ಸತ್ತ ಸುದ್ದಿ ಬಂದರೆ ನಮ್ಮಲ್ಲಿ ತಲೆಗೆ ತಣ್ಣೀರು ಹಾಕಿಕೊಳ್ಳುತ್ತಾರೆ. ಒಳಗೆ ನೀರು ಸುರಿಯುವ ಸದ್ದು ಕೇಳಿತು, ಅದರ ನಡುನಡುವೆ ಬೈಗುಳ. ನಾನು ಕೂತಲ್ಲಿಂದ ಏಳಲಿಲ್ಲ. ಅವ್ವ ಒದ್ದೆ ಸೀರೆಯಲ್ಲೇ ಹೊರಗೆ ಬಂದಳು, ಕೈಯಲ್ಲಿ ತುಂಬಿದ ಕೊಡ ಇತ್ತು.

"ಏನ್ ಕುಂತಿ?" ಎಂದವಳು ಉಟ್ಟ ಬಟ್ಟೆಯ ಮೇಲೇ ಅಷ್ಟೂ ನೀರನ್ನು ನನ್ನ ತಲೆಗೆ ಸುರಿದಳು.